ರೆಕ್ಟಿಫೈಯರ್ ವಾಲ್ವ್: ಬೆಲೆ ಹೇಳುವವರು ವೋಲ್ಟೇಜನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವಾಲ್ವ್ ಆಂಪ್ಲಿಫೈಯರ್‌ಗಳ ಬಗ್ಗೆ, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ವಾಲ್ವುಗಳಿಂದ ಹಾಡನ್ನು ದೊಡ್ಡದು ಮಾಡುವ ಸೆಟ್ಟುಗಳ ಬಗ್ಗೆ, ನೀವು ಪ್ರಕಟಿಸಿದ ಲೇಖನ ಓದಿದೆ. ಈ ಹಳೆಯ ವಿದ್ಯೆಯ ಮೇಲೆ ಹೊಸಬರಿಗೆ ಆಸಕ್ತಿ ಹುಟ್ಟಿರುವುದು ನಮ್ಮಂಥ ರಿಪೇರಿಯವರಿಗೆ ಸಂತೋಷದ ಸಂಗತಿ. ಆದರೆ ಅದರಲ್ಲಿ ಬಂದಿದ್ದ ಒಂದು ಮಾತನ್ನು ಹಾಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಎ.ಸಿ. ಕರೆಂಟನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ವಾಲ್ವ್ ಒಂದನ್ನು ಬದಲಾಯಿಸಿದರೆ ಸಾಕು, ಇಡೀ ಸಂಗೀತಕ್ಕೆ ಜೀವ ಬರುತ್ತದೆ, ಅದಕ್ಕಾಗಿ ಹಳೆಯ ಇಂಗ್ಲಿಷ್ ವಾಲ್ವಿಗೆ ಹತ್ತಾರು ಸಾವಿರ ಕೊಟ್ಟರೂ ನಷ್ಟವಿಲ್ಲ ಎಂದು ಅಲ್ಲಿ ಬರೆದಿತ್ತು. ಆ ವಾರವೆಲ್ಲ ನನ್ನ ಅಂಗಡಿಗೆ ಬಂದವರು ಕೇಳಿದ್ದು ಇದನ್ನೇ.

ಮೈಸೂರಿನಲ್ಲಿ ನನ್ನ ತಂದೆ ಇಟ್ಟ ರೇಡಿಯೋ ರಿಪೇರಿ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ಅವರ ಕಾಲದಲ್ಲಿ ಮದುವೆಗೆ, ಗಣಪತಿ ಕೂರಿಸುವವರಿಗೆ, ಹರಿಕಥೆಗೆ ಮೈಕ್‌ಸೆಟ್ ಕೂಡ ಇಲ್ಲಿಂದಲೇ ಹೋಗುತ್ತಿತ್ತು. ನಾನು ಬೆಸುಗೆ ಹಾಕುವುದನ್ನು ಕಲಿತದ್ದು ಆ ವಾಲ್ವ್ ಮೈಕ್‌ಸೆಟ್ಟುಗಳ ಚಾಸಿಯ ಮೇಲೆ. ಈಗ ಬರುವ ಕೆಲಸ ಎರಡು ಬಗೆಯದು: ಅಜ್ಜನ ಕಾಲದ ರೇಡಿಯೋವನ್ನು ಮತ್ತೆ ಹಾಡಿಸಿಕೊಡಿ ಎನ್ನುವವರದು ಒಂದು, ಲಕ್ಷಗಟ್ಟಲೆ ಕೊಟ್ಟು ತರಿಸಿದ ಹೈ-ಎಂಡ್ ಆಂಪ್ಲಿಫೈಯರ್ ಹೊತ್ತು ತರುವವರದು ಇನ್ನೊಂದು. ಎರಡರ ಒಳಗೂ ರೆಕ್ಟಿಫೈಯರ್ ಇರುತ್ತದೆ, ಎರಡರಲ್ಲೂ ಅದನ್ನು ಕುರಿತ ತಪ್ಪು ತಿಳಿವಳಿಕೆಯಿಂದ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ನಾನು ಹೇಳಬೇಕಾದದ್ದು ಇಷ್ಟೇ: ರೆಕ್ಟಿಫೈಯರ್ ವಾಲ್ವ್ ಬದಲಿಸಿದಾಗ ಕಿವಿಗೆ ಗೊತ್ತಾಗುವ ವ್ಯತ್ಯಾಸಕ್ಕೆ ಮೀಟರಿಗೆ ಸಿಗುವ ಕಾರಣ ಇದ್ದೇ ಇರುತ್ತದೆ. ಆ ಅಂಕಿ ಹೇಳದೆ ವಾಲ್ವ್ ಮಾರುವುದೂ ತಪ್ಪು, ಆ ಅಂಕಿ ನೋಡದೆ ವಾಲ್ವ್ ಕಿತ್ತು ಅದೇ ಕೆಲಸ ಮಾಡುವ ಪುಟ್ಟ ಸಿಲಿಕಾನ್ ಡಯೋಡ್ ಹಾಕುವುದೂ ತಪ್ಪು.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಮನೆಗೆ ಬರುವ ಕರೆಂಟು ಎ.ಸಿ. ಆಂಪ್ಲಿಫೈಯರಿನ ವಾಲ್ವುಗಳ ಪ್ಲೇಟಿಗೆ ಬೇಕಾದದ್ದು ಡಿ.ಸಿ., ಅದೂ ಸಾಮಾನ್ಯವಾಗಿ 250ರಿಂದ 450 ವೋಲ್ಟ್. ಇದನ್ನು ನಾವು ಹೈ ಟೆನ್ಷನ್, ಚಿಕ್ಕದಾಗಿ ಎಚ್‌ಟಿ ಎನ್ನುತ್ತೇವೆ. ಟ್ರಾನ್ಸ್‌ಫಾರ್ಮರ್ ಎ.ಸಿ.ಯನ್ನು ಏರಿಸಿ ಕೊಡುತ್ತದೆ, ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಕಂಡೆನ್ಸರು ಮತ್ತು ಚೋಕು ಅದರ ಏರಿಳಿತವನ್ನು ನಯ ಮಾಡುತ್ತವೆ. ವಾಲ್ವಿನೊಳಗೆ ನಡೆಯುವುದು ಸರಳ: ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ, ಪ್ಲೇಟು ಪಾಸಿಟಿವ್ ಇದ್ದಾಗ ಮಾತ್ರ ಅತ್ತ ಹೋಗುತ್ತವೆ, ನೆಗೆಟಿವ್ ಆದಾಗ ನಿಲ್ಲುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರೊಫೆಸರ್ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಪೇಟೆಂಟಿಗೆ ಹಾಕಿದ್ದು ಈ ಎರಡು ಕಾಲಿನ ವಾಲ್ವನ್ನೇ. ಅವರಿಗೆ ಅದು ಬೇಕಾಗಿದ್ದದ್ದು ನಿಸ್ತಂತು ಅಲೆಗಳನ್ನು ಹಿಡಿಯಲು. ಹಾಡನ್ನು ದೊಡ್ಡದು ಮಾಡುವ ಮೂರು ಕಾಲಿನ ವಾಲ್ವ್ ಬಂದದ್ದು ಇದಾದ ಮೇಲೆ.

ಹಾಡಿನ ಸಿಗ್ನಲ್ ರೆಕ್ಟಿಫೈಯರಿನ ಮೂಲಕ ಹೋಗುವುದಿಲ್ಲ, ಆದ್ದರಿಂದ ಅದು ಏನಿದ್ದರೂ ಒಂದೇ ಎಂದು ಕೆಲವರು ವಾದಿಸುತ್ತಾರೆ. ಇದೂ ಪೂರ್ತಿ ಸರಿಯಲ್ಲ. ಸ್ಪೀಕರಿಗೆ ಹೋಗುವ ಶಕ್ತಿಯೆಲ್ಲ ಬರುವುದು ಈ ಎಚ್‌ಟಿಯಿಂದಲೇ. ಕಂಡೆನ್ಸರನ್ನು ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಎಂದುಕೊಂಡರೆ ರೆಕ್ಟಿಫೈಯರು ಪಂಪು. ಆಂಪ್ಲಿಫೈಯರ್ ಟ್ಯಾಂಕಿನಿಂದ ಸದಾ ಎಳೆಯುತ್ತಿರುತ್ತದೆ, ಪಂಪು ಸೆಕೆಂಡಿಗೆ 100 ಸಲ, ಪ್ರತಿ ಸಲವೂ ಕಿರು ಅವಧಿಗೆ ಮಾತ್ರ ತುಂಬುತ್ತದೆ. ತುಂಬುವ ಆ ಕಿರು ಅವಧಿಯಲ್ಲಿ ಹರಿಯುವ ಕರೆಂಟು ಸರಾಸರಿಯ ಹಲವು ಪಟ್ಟು ಇರುತ್ತದೆ. ಆದ್ದರಿಂದ ರೆಕ್ಟಿಫೈಯರಿನ ಒಳಗಿನ ತಡೆ ಎಷ್ಟು ಎಂಬುದು ಲೆಕ್ಕಕ್ಕೆ ಬರುತ್ತದೆ. ವಾಲ್ವಿನಿಂದ ವಾಲ್ವಿಗೆ ಮುಖ್ಯವಾಗಿ ಬೇರೆಯಾಗುವುದೂ ಇದೇ.

ಹೆಚ್ಚು ಬಳಕೆಯಲ್ಲಿರುವ ಮೂರನ್ನು ನೋಡಿ. 5ವೈ3ಜಿಟಿ ಎಂಬುದು ಸಣ್ಣ ವಾಲ್ವ್. ಡೇಟಾಶೀಟಿನ ಪ್ರಕಾರ 125 ಮಿಲಿಆಂಪ್ ಎಳೆದಾಗ ಅದರೊಳಗೇ ಸುಮಾರು 50 ವೋಲ್ಟ್ ಬಿದ್ದುಹೋಗುತ್ತದೆ. 5ಯು4ಜಿ ದೊಡ್ಡದು, 225 ಮಿಲಿಆಂಪಿಗೆ 44 ವೋಲ್ಟ್ ಬೀಳುತ್ತದೆ. ಜಿಝಡ್34, ಅಮೆರಿಕದವರ ಲೆಕ್ಕದಲ್ಲಿ 5ಎಆರ್4, ಅದೇ 225 ಮಿಲಿಆಂಪಿಗೆ ಬೀಳಿಸುವುದು 17 ವೋಲ್ಟ್ ಮಾತ್ರ. ಸಿಲಿಕಾನ್ ಡಯೋಡಿನಲ್ಲಿ ಬೀಳುವುದು ಒಂದು ವೋಲ್ಟಿನ ಆಸುಪಾಸು. ಮೊದಲ ಮೂರೂ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ, ಪಿನ್ನುಗಳೂ ಒಂದೇ ಜಾಗದಲ್ಲಿವೆ. ಎಲ್ಲ ತೊಂದರೆ ಶುರುವಾಗುವುದು ಇಲ್ಲಿಂದ. ಸಾಕೆಟ್ಟಿನಲ್ಲಿ ಕೂತ ಮಾತ್ರಕ್ಕೆ ಹಾಕಬಹುದು ಎಂದು ಜನ ನಂಬುತ್ತಾರೆ.

ನಿವೃತ್ತ ಅಧ್ಯಾಪಕರೊಬ್ಬರು, ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಕಿವಿ ಇರುವವರು, ಇಎಲ್34 ಎಂಬ ಔಟ್‌ಪುಟ್ ವಾಲ್ವುಗಳ, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ವಾಲ್ವುಗಳ, ಆಂಪ್ಲಿಫೈಯರ್ ಇಟ್ಟುಕೊಂಡಿದ್ದಾರೆ. ಅದರ ಮೂಲ ರೆಕ್ಟಿಫೈಯರ್ ಜಿಝಡ್34. ಬೇರೆ ಊರಿನ ವ್ಯಾಪಾರಿಯೊಬ್ಬರು ಹಳೆಯ 5ಯು4ಜಿ ಹಾಕಿದರೆ ಧ್ವನಿ ಇನ್ನೂ ಮೃದುವಾಗುತ್ತದೆ ಎಂದು ಹೇಳಿ ಒಳ್ಳೆಯ ಬೆಲೆಗೆ ಒಂದನ್ನು ಕೊಟ್ಟರು. ಮೃದುವಾದದ್ದು ನಿಜ. ಕೆಲವು ತಿಂಗಳಾದ ಮೇಲೆ ಟ್ರಾನ್ಸ್‌ಫಾರ್ಮರಿನಿಂದ ಮೇಣ ಕರಗಿದ ವಾಸನೆ ಬರುತ್ತಿದೆ ಎಂದು ಅವರು ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಕಾರಣ ಹುಡುಕಬೇಕಾಗಿರಲಿಲ್ಲ. ಕ್ಯಾಥೋಡನ್ನು ಕಾಯಿಸುವ ಹೀಟರಿಗೆ ಜಿಝಡ್34ರಲ್ಲಾದರೆ 5 ವೋಲ್ಟಿನಲ್ಲಿ 1.9 ಆಂಪ್ ಸಾಕು, 5ಯು4ಜಿಗೆ ಪೂರ್ತಿ 3 ಆಂಪ್ ಬೇಕು. ಆ ಟ್ರಾನ್ಸ್‌ಫಾರ್ಮರಿನ 5 ವೋಲ್ಟ್ ಸುತ್ತು 2 ಆಂಪಿಗೆ ಸುತ್ತಿದ್ದು. ಒಂದೂವರೆ ಪಟ್ಟು ಕರೆಂಟಿಗೆ ತಂತಿಯಲ್ಲಿ ಹುಟ್ಟುವ ಶಾಖ ಎರಡು ಪಟ್ಟಿಗೂ ಮೇಲೆ.

ಧ್ವನಿ ಏಕೆ ಮೃದುವಾಯಿತು ಎಂಬುದನ್ನೂ ಅವರ ಎದುರಿಗೇ ಅಳೆದು ತೋರಿಸಿದೆ. ಜಿಝಡ್34 ಇದ್ದಾಗ ಎಚ್‌ಟಿ 395 ವೋಲ್ಟ್, 5ಯು4ಜಿ ಹಾಕಿದಾಗ 365. ವೋಲ್ಟೇಜು ಇಳಿದರೆ ಔಟ್‌ಪುಟ್ ವಾಲ್ವಿನ ಕರೆಂಟೂ ಇಳಿಯುತ್ತದೆ, ಗರಿಷ್ಠ ಪವರ್ ಸುಮಾರು ಏಳನೇ ಒಂದು ಪಾಲು ಕಡಿಮೆಯಾಗುತ್ತದೆ. ಆಮೇಲೆ ಜಿಝಡ್34 ಅನ್ನೇ ವಾಪಸು ಹಾಕಿ, ಅದರ ಕ್ಯಾಥೋಡಿಗೂ ಮೊದಲ ಕಂಡೆನ್ಸರಿಗೂ ನಡುವೆ 120 ಓಮಿನ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಸೇರಿಸಿದೆ. ಎರಡು ವಾಲ್ವುಗಳ ಒಳಗಿನ ತಡೆಯ ವ್ಯತ್ಯಾಸ ಸುಮಾರು ಅಷ್ಟೇ. ಎಚ್‌ಟಿ 365ರ ಹತ್ತಿರಕ್ಕೆ ಬಂತು. ಅಧ್ಯಾಪಕರು ಕಣ್ಣುಮುಚ್ಚಿ ಕೂತು, ತಮಗೆ ಬಾಯಿಪಾಠವಾಗಿರುವ ಒಂದು ತೋಡಿ ಆಲಾಪನೆಯನ್ನು ಕೇಳಿದರು. ನಾನು ಮತ್ತೆ ಮತ್ತೆ ಅದಲುಬದಲು ಮಾಡಿದರೂ ಯಾವುದು ವಾಲ್ವ್, ಯಾವುದು ರೆಸಿಸ್ಟರ್ ಎಂದು ಅವರಿಗೆ ಬೇರ್ಪಡಿಸಲಾಗಲಿಲ್ಲ. ಅವರಿಗೆ ಹಿಡಿಸಿದ ಮೃದುತನ 30 ವೋಲ್ಟ್ ಇಳಿದದ್ದರಿಂದ ಬಂದದ್ದು. ಆ ರೆಸಿಸ್ಟರು ಇಂದಿಗೂ ಅವರ ಆಂಪ್ಲಿಫೈಯರಿನಲ್ಲಿದೆ. ಅವರಿಗೆ ಆ ಧ್ವನಿಯೇ ಇಷ್ಟ, ಅದನ್ನು ಬೇಡ ಎನ್ನಲು ನಾನು ಯಾರು? ಟ್ರಾನ್ಸ್‌ಫಾರ್ಮರ್ ಮಾತ್ರ ಈಗ ತಣ್ಣಗಿದೆ.

ಇನ್ನು, ಜೋರಾಗಿ ಬಾರಿಸಿದಾಗ ಎಚ್‌ಟಿ ಕುಗ್ಗುವ ವಿಷಯ. ತನಿ ಆವರ್ತನದಲ್ಲಿ ಮೃದಂಗದ ಎಡಭಾಗದ ಗುಂಕಿ ಬಿದ್ದಾಗ ಆಂಪ್ಲಿಫೈಯರ್ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ರೆಕ್ಟಿಫೈಯರಿನ ಒಳತಡೆ ಹೆಚ್ಚಿದ್ದರೆ ಎಚ್‌ಟಿ ಒಂದು ಕ್ಷಣ ಕುಗ್ಗಿ ಮತ್ತೆ ಏರುತ್ತದೆ. ಪೆಟ್ಟಿನ ತುದಿ ಸ್ವಲ್ಪ ಮೊಂಡಾಗುತ್ತದೆ, ಅದರ ಹಿಂದಿನ ನಾದ ಉಬ್ಬಿದಂತೆ ಕೇಳುತ್ತದೆ. ಗಿಟಾರ್ ನುಡಿಸುವವರಿಗೆ ಇದು ಬಹಳ ಇಷ್ಟ, ಅದು ಅವರ ವಾದ್ಯದ ಒಂದು ಗುಣವೇ ಆಗಿಬಿಟ್ಟಿದೆ. ಫೆಂಡರ್ ಚಾಂಪ್‌ನಂಥ ಪುಟ್ಟ ಗಿಟಾರ್ ಆಂಪ್ಲಿಫೈಯರಿನಲ್ಲಿ 5ವೈ3 ಇದ್ದದ್ದನ್ನು ಅವರು ಈಗಲೂ ಹುಡುಕಿಕೊಂಡು ಹೋಗುತ್ತಾರೆ. ಆದರೆ ನುಡಿಸಿ ಮುಗಿದ ಸಂಗೀತವನ್ನು ಮನೆಯಲ್ಲಿ ಕೇಳುವಾಗ, ಪಾಲ್ಘಾಟ್ ಮಣಿ ಅಯ್ಯರ್ ಅವರ ಪೆಟ್ಟಿನ ತುದಿಯನ್ನು ನನ್ನ ಪವರ್ ಸಪ್ಲೈ ತಿದ್ದುವುದು ನನಗೆ ಬೇಡ. ಇದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಗೆಳೆಯರೂ ನನಗಿದ್ದಾರೆ. ಒಂದು ಮಾತನ್ನಂತೂ ಎಲ್ಲರೂ ಒಪ್ಪಬೇಕು: ಈ ಕುಗ್ಗುವಿಕೆ ಕಾಣುವುದು ಕ್ಲಾಸ್ ಎಬಿ ಬಗೆಯ, ಅಂದರೆ ಧ್ವನಿ ಜೋರಾದಂತೆ ಹೆಚ್ಚು ಕರೆಂಟು ಎಳೆಯುವ, ಆಂಪ್ಲಿಫೈಯರುಗಳಲ್ಲಿ. ಒಂದೇ ಔಟ್‌ಪುಟ್ ವಾಲ್ವ್ ಇರುವ ಕ್ಲಾಸ್ ಎ ಆಂಪ್ಲಿಫೈಯರ್ ಸುಮ್ಮನಿದ್ದಾಗಲೂ ಹಾಡುವಾಗಲೂ ಹೆಚ್ಚುಕಡಿಮೆ ಒಂದೇ ಕರೆಂಟು ಎಳೆಯುತ್ತದೆ. 300ಬಿ ವಾಲ್ವಿನ ದುಬಾರಿ ಸೆಟ್ಟುಗಳೆಲ್ಲ ಸಾಮಾನ್ಯವಾಗಿ ಈ ಬಗೆಯವೇ. ಅಂಥವುಗಳ ಮಾಲೀಕರೇ ರೆಕ್ಟಿಫೈಯರಿಗೆ ಎಲ್ಲರಿಗಿಂತ ಹೆಚ್ಚು ಸುರಿಯುತ್ತಿರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ರೀ-ಆಂಪ್ಲಿಫೈಯರ್, ಗ್ರಾಮೊಫೋನ್ ರೆಕಾರ್ಡಿನ ಸಣ್ಣ ಸಿಗ್ನಲನ್ನು ಏರಿಸುವ ಫೋನೋ ಸ್ಟೇಜ್, ಡಿಜಿಟಲ್ ಹಾಡನ್ನು ಮಾಮೂಲಿ ಸಿಗ್ನಲ್ಲಾಗಿಸುವ ಡಿಎಸಿಗಳಲ್ಲಿ ಕೂಡ ಈಗ ರೆಕ್ಟಿಫೈಯರ್ ವಾಲ್ವ್ ಇಟ್ಟು ಮಾರುತ್ತಿದ್ದಾರೆ. ಅವು ಎಳೆಯುವುದು ಕೆಲವೇ ಮಿಲಿಆಂಪ್, ಅದೂ ಏರಿಳಿತವಿಲ್ಲದೆ. ಎಷ್ಟೋ ಸೆಟ್ಟುಗಳಲ್ಲಿ ರೆಕ್ಟಿಫೈಯರಿನ ಮುಂದೆ ವೋಲ್ಟೇಜ್ ರೆಗ್ಯುಲೇಟರ್ ಇರುತ್ತದೆ. ಅಲ್ಲಿ ಹಿಂದೆ ಯಾವ ವಾಲ್ವ್ ಇದ್ದರೂ ಮುಂದೆ ಬರುವ ವೋಲ್ಟೇಜು ಒಂದೇ.

ಹಾಗಾದರೆ ವಾಲ್ವಿಗೆ ತನ್ನದೇ ಆದ ಗುಣವೇ ಇಲ್ಲವೇ? ಇದೆ, ಎರಡು ಗುಣಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು, ಅದು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. 1ಎನ್4007ನಂಥ ಮಾಮೂಲಿ ಸಿಲಿಕಾನ್ ಡಯೋಡಿನಲ್ಲಿ ವೋಲ್ಟೇಜು ತಿರುಗಿದ ಮೇಲೂ ಒಳಗೆ ಉಳಿದ ಚಾರ್ಜು ಖಾಲಿಯಾಗುವವರೆಗೆ ಕರೆಂಟು ಹಿಂದಕ್ಕೆ ಹರಿಯುತ್ತದೆ, ಆಮೇಲೆ ತಟ್ಟನೆ ನಿಲ್ಲುತ್ತದೆ. ಆ ತಟ್ಟನೆಯ ನಿಲುಗಡೆಗೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳು ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಕಂಪಿಸುತ್ತವೆ. ಆಸಿಲೋಸ್ಕೋಪಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಫೋನೋ ಸ್ಟೇಜಿನಲ್ಲಿ, ಇಲ್ಲವೇ ರೇಡಿಯೋದ ಮೀಡಿಯಂ ವೇವಿನಲ್ಲಿ, ಕರಕರ ಬೆರೆತ ಹಮ್ಮಾಗಿ ಕಿವಿಗೂ ಬೀಳುತ್ತದೆ. ವಾಲ್ವಿನೊಳಗೆ ಹಾಗೆ ಚಾರ್ಜು ಉಳಿಯುವುದಿಲ್ಲ, ಆ ಕಂಪನವೂ ಇಲ್ಲ. ಆದರೆ ಇದಕ್ಕೆ ಹತ್ತಾರು ಸಾವಿರ ಬೇಡ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ, ಅಂದರೆ ಎಚ್‌ಟಿ ಕೊಡುವ ಸುತ್ತಿಗೆ, ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕಂಡೆನ್ಸರ್ ಹಾಕಿ ಆ ಕಂಪನವನ್ನು ಅಡಗಿಸಬಹುದು. ಯುಎಫ್4007 ಎಂಬ ವೇಗದ ಡಯೋಡ್ ಇದೆ. ಸಿಲಿಕಾನ್ ಕಾರ್ಬೈಡ್ ಶಾಟ್ಕಿ ಡಯೋಡುಗಳಲ್ಲಿ ಹಾಗೆ ಉಳಿಯುವ ಚಾರ್ಜು ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಇಂಥ ಸಾಮಾನು ಅಗ್ಗದಲ್ಲೇ ಸಿಗುತ್ತದೆ.

ಎರಡನೆಯ ಗುಣ ನಿಧಾನ. ಜಿಝಡ್34 ಪರೋಕ್ಷವಾಗಿ ಬಿಸಿಯಾಗುವ ವಾಲ್ವ್, ಅಂದರೆ ಅದರಲ್ಲಿ ಹೀಟರ್ ಬೇರೆ, ಅದು ಕಾಯಿಸುವ ಕ್ಯಾಥೋಡ್ ಬೇರೆ. ಸ್ವಿಚ್ ಹಾಕಿದ ಮೇಲೆ ಅದು ಕಾಯಲು ಹೊತ್ತು ಬೇಕು, ಎಚ್‌ಟಿ ಮೆಲ್ಲಗೆ ಏರುತ್ತದೆ, ಅಷ್ಟರಲ್ಲಿ ಔಟ್‌ಪುಟ್ ವಾಲ್ವುಗಳೂ ಕಾದು ಕರೆಂಟು ಎಳೆಯಲು ತಯಾರಾಗಿರುತ್ತವೆ. ಸಿಲಿಕಾನ್ ಹಾಗಲ್ಲ, ಸ್ವಿಚ್ ಒತ್ತಿದ ತಕ್ಷಣ ಪೂರ್ತಿ ವೋಲ್ಟೇಜು ತಂದು ಕಂಡೆನ್ಸರುಗಳ ಮೇಲೆ ಹೇರುತ್ತದೆ. ಎಲ್ಲ ವಾಲ್ವುಗಳಿಗೂ ಈ ಗುಣ ಇದೆ ಎಂದು ತಿಳಿಯಬಾರದು. 5ಯು4, 5ವೈ3ಗಳಲ್ಲಿ ಫಿಲಮೆಂಟೇ ಕ್ಯಾಥೋಡ್, ಅವು ಕೆಲವೇ ಸೆಕೆಂಡಿನಲ್ಲಿ ಎಚ್‌ಟಿ ಕೊಟ್ಟುಬಿಡುತ್ತವೆ. ನನ್ನ ಲೆಕ್ಕದಲ್ಲಿ ಜಿಝಡ್34ರ ನಿಜವಾದ ಬೆಲೆ ಅದರ ನಿಧಾನದಲ್ಲೂ ಕಡಿಮೆ ತಡೆಯಲ್ಲೂ ಇದೆ, ಗಾಜಿನ ಮೇಲಿನ ಅಚ್ಚಿನಲ್ಲಿ ಅಲ್ಲ.

ಹಳೆಯ ದೊಡ್ಡ ವಿನ್ಯಾಸಕಾರರು ಇದನ್ನೆಲ್ಲ ಲೆಕ್ಕ ಹಾಕಿಯೇ ಆರಿಸುತ್ತಿದ್ದರು. ಇಂಗ್ಲೆಂಡಿನ ಕ್ವಾಡ್ II 1953ರಲ್ಲಿ ಬಂತು, 15 ವ್ಯಾಟ್, ಕೆಟಿ66 ವಾಲ್ವುಗಳು, ರೆಕ್ಟಿಫೈಯರ್ ಜಿಝಡ್32. ಅಮೆರಿಕದ ಡೈನಾಕೋ ಸ್ಟೀರಿಯೋ 70 ಬಂದದ್ದು 1959ರಲ್ಲಿ. ಅದರಲ್ಲಿ ಎರಡು ಚಾನೆಲ್ಲಿನ ನಾಲ್ಕು ಇಎಲ್34ಗಳಿಗೂ ಸೇರಿ ಒಂದೇ ಜಿಝಡ್34, ಆ ಪಾಪದ ವಾಲ್ವಿನ ಮೇಲೆ ಅಷ್ಟು ಭಾರ. 1961ರ ಮ್ಯಾಕಿಂತಾಷ್ ಎಂಸಿ275ರಲ್ಲಿ ರೆಕ್ಟಿಫೈಯರ್ ವಾಲ್ವೇ ಇಲ್ಲ, ಸಿಲಿಕಾನ್ ಡಯೋಡುಗಳಿವೆ. ವಾಲ್ವ್ ಪ್ರಿಯರು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುವ ಸೆಟ್ಟು ಅದು. ಚಾನೆಲ್ಲಿಗೆ 75 ವ್ಯಾಟ್ ಕೊಡಬೇಕಾದಾಗ ಗಟ್ಟಿಯಾಗಿ ನಿಲ್ಲುವ ಎಚ್‌ಟಿ ಬೇಕಿತ್ತು, ಅವರು ಅದಕ್ಕೆ ತಕ್ಕದ್ದನ್ನು ಹಾಕಿದರು. ಮೂವರೂ ಮೂರು ದಾರಿ ಹಿಡಿದರು, ಮೂರೂ ಚೆನ್ನಾಗಿ ಹಾಡುತ್ತವೆ. ಲೇಖನದಲ್ಲಿ ಎಂಸಿ275ರ ಚಿತ್ರವನ್ನೇ ಹಾಕಿ ಅದರ ಕೆಳಗೆ ರೆಕ್ಟಿಫೈಯರ್ ವಾಲ್ವಿನ ಮಹಿಮೆ ಬರೆದದ್ದು ಸರಿಹೋಗಲಿಲ್ಲ.

ಈಗ ಇನ್ನೊಂದು ಕಡೆಯ ತಪ್ಪಿಗೆ ಬರುತ್ತೇನೆ. ನನಗೆ ಹೆಚ್ಚು ನೋವು ಕೊಡುವುದು ಇದು, ಏಕೆಂದರೆ ಇದರಲ್ಲಿ ಹಾಳಾಗುತ್ತಿರುವುದು ನಮ್ಮ ಮನೆಗಳ ರೇಡಿಯೋಗಳು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಇಸಿಸಿ83, ಇಎಲ್84, ಇಝಡ್80, ಇಝಡ್81: ಇವುಗಳ ಗಾಜಿನ ಮೇಲೆ ಬಿಇಎಲ್ ಎಂಬ ಅಚ್ಚು ನೋಡುತ್ತಲೇ ನಾನು ಬೆಳೆದೆ. ಇಝಡ್80 ರೇಡಿಯೋಗಳ ರೆಕ್ಟಿಫೈಯರ್, 6.3 ವೋಲ್ಟ್ ಹೀಟರ್, 90 ಮಿಲಿಆಂಪ್ ಕೊಡುವ ಸಣ್ಣ ವಾಲ್ವ್. ಇಝಡ್81 ಅದರ ಅಣ್ಣ, 150 ಮಿಲಿಆಂಪ್. ಈ ಬಿಇಎಲ್ ವಾಲ್ವುಗಳು ಸರಿಯಾದ ವೋಲ್ಟೇಜಿನಲ್ಲಿ ಎಷ್ಟು ಕಾಲ ಬಾಳುತ್ತವೆ ಎಂಬುದಕ್ಕೆ ಮೊದಲ ದಿನ ಹಾಕಿದ ವಾಲ್ವಿನಲ್ಲೇ ಇನ್ನೂ ಹಾಡುತ್ತಿರುವ ರೇಡಿಯೋಗಳು ಸಾಕ್ಷಿ.

ಇಂಥ ರೇಡಿಯೋದಲ್ಲಿ ಇಝಡ್80 ದುರ್ಬಲವಾದರೆ ಈಗಿನ ರಿಪೇರಿಯವರು ಮಾಡುವುದೇನು? ಸಾಕೆಟ್ಟಿನ ಅಡಿಯಲ್ಲಿ ಎರಡು 1ಎನ್4007 ಬೆಸುಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ರೇಡಿಯೋ ತಕ್ಷಣ ಹಾಡುತ್ತದೆ, ಮೊದಲಿಗಿಂತ ಜೋರಾಗಿಯೇ. ಮಾಲೀಕರು ಖುಷಿಯಿಂದ ಒಯ್ಯುತ್ತಾರೆ. ಒಳಗೆ ಎಚ್‌ಟಿ ಮೂವತ್ತು ವೋಲ್ಟಿನ ಆಸುಪಾಸು ಏರಿರುತ್ತದೆ. ಇಝಡ್80 ಎಳೆಯುತ್ತಿದ್ದ 0.6 ಆಂಪಿನ ಭಾರ ತಪ್ಪಿದ್ದರಿಂದ ಉಳಿದ ವಾಲ್ವುಗಳ ಹೀಟರ್ ವೋಲ್ಟೇಜೂ ತುಸು ಏರುತ್ತದೆ. ಅದರ ಮೇಲೆ ನಮ್ಮ ಲೈನ್ ವೋಲ್ಟೇಜು. ಆ ಸೆಟ್ಟುಗಳಲ್ಲಿ ಎಷ್ಟೋ 220 ವೋಲ್ಟಿಗೆ ಹೊಂದಿಸಿದವು. ಈಗ ಕಾಗದದ ಮೇಲೆ 230, ನಮ್ಮ ಬಡಾವಣೆಯಲ್ಲಿ ರಾತ್ರಿ ಹೊತ್ತು ಮೀಟರ್ ಹಿಡಿದರೆ 250 ತೋರಿಸುವುದೂ ಉಂಟು. 250 ವೋಲ್ಟಿನಲ್ಲಿ ಕೆಲಸ ಮಾಡುತ್ತಿದ್ದ, 300 ವೋಲ್ಟ್ ಮೀರಬಾರದ ಇಎಲ್84ರ ಪ್ಲೇಟಿನ ಮೇಲೆ ಈಗ 300ಕ್ಕೂ ಹೆಚ್ಚು ಬಿದ್ದಿರುತ್ತದೆ. ಕೆಲವು ತಿಂಗಳಲ್ಲಿ ಅದರ ಪ್ಲೇಟು ಕೆಂಪಗಾಗುತ್ತದೆ, ಇಲ್ಲವೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಡಿದುಹೋಗುತ್ತದೆ. ಅದು ಕಡಿದರೆ ಮತ್ತೆ ಸುತ್ತಿಸಬೇಕು. ಸುತ್ತುವವರು ಈಗ ಊರಿಗೊಬ್ಬರೂ ಉಳಿದಿಲ್ಲ.

ದೊಡ್ಡ ಸೆಟ್ಟುಗಳಲ್ಲಿ ಇದು ಇನ್ನೂ ಅಪಾಯ. 300-0-300 ವೋಲ್ಟಿನ ಸುತ್ತು ಇರುವ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಸಿಲಿಕಾನ್ ಹಾಕಿ ಸ್ವಿಚ್ ಒತ್ತಿದಾಗ, ವಾಲ್ವುಗಳು ಕಾಯುವ ಮೊದಲು, ಕಂಡೆನ್ಸರಿನ ಮೇಲೆ ಬರುವುದು 300ರ 1.414 ಪಟ್ಟು, ಅಂದರೆ 424 ವೋಲ್ಟ್. ಲೈನ್ 230ರ ಬದಲು 250 ಇದ್ದರೆ ಅದು 461. ಕಂಡೆನ್ಸರಿನ ಮೈಮೇಲೆ ಬರೆದಿರುವುದು 450. ಜಿಝಡ್34 ಇದ್ದಿದ್ದರೆ ಆ ಹೊತ್ತಿಗೆ ಉಳಿದ ವಾಲ್ವುಗಳು ಕರೆಂಟು ಎಳೆಯಲು ಶುರುಮಾಡಿ ವೋಲ್ಟೇಜನ್ನು ಹಿಡಿದಿಡುತ್ತಿದ್ದವು.

ಡಯೋಡ್ ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ವಾಲ್ವ್ ಸಿಗದಿದ್ದಾಗ ಹಾಕಬೇಕಾಗುತ್ತದೆ, ನಾನೂ ಹಾಕುತ್ತೇನೆ. ಹಾಕುವ ಮೊದಲು ಸರ್ಕ್ಯೂಟ್ ಚಿತ್ರದಲ್ಲಿ ಬರೆದ ಎಚ್‌ಟಿ ಎಷ್ಟು ಎಂದು ನೋಡಬೇಕು. ಡಯೋಡಿನ ಮುಂದೆ ಐದು ಇಲ್ಲವೇ ಹತ್ತು ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್ ಸೇರಿಸಿ, ಕಾದ ಮೇಲೆ ಎಚ್‌ಟಿ ಮೊದಲಿನಷ್ಟಕ್ಕೇ ಬರುವಂತೆ ಅದರ ಓಮ್ ಎಷ್ಟಿರಬೇಕೆಂದು ಹೊಂದಿಸಬೇಕು. ಟ್ರಾನ್ಸ್‌ಫಾರ್ಮರಿನಲ್ಲಿ 240 ವೋಲ್ಟಿನ ಟ್ಯಾಪ್ ಇದ್ದರೆ ಅದಕ್ಕೆ ಬದಲಾಯಿಸಬೇಕು. ಇದು ಅರ್ಧ ಗಂಟೆಯ ಕೆಲಸ. ವಾಲ್ವ್ ಸಿಕ್ಕಿದರೆ ಅದನ್ನೇ ಉಳಿಸಿಕೊಂಡು, ಅದರೊಳಗಿನ ಎರಡೂ ಪ್ಲೇಟಿನ (ಎ.ಸಿ.ಯ ಒಂದೊಂದು ಅರ್ಧಕ್ಕೆ ಒಂದೊಂದು ಪ್ಲೇಟು) ಸಾಲಿನಲ್ಲಿ ಒಂದೊಂದು 1ಎನ್4007 ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಮುಂದೆ ವಾಲ್ವ್ ಒಳಗೇ ಶಾರ್ಟ್ ಆದರೂ ಡಯೋಡು ತಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ವೋಲ್ಟೇಜೂ ಬದಲಾಗುವುದಿಲ್ಲ, ಧ್ವನಿಯೂ ಬದಲಾಗುವುದಿಲ್ಲ.

ಕಂಡೆನ್ಸರ್ ಬಗ್ಗೆಯೂ ಹೇಳಬೇಕು. ಬೇಸ್ ಗಟ್ಟಿ ಬರಲಿ ಎಂದು ಮೊದಲ ಕಂಡೆನ್ಸರನ್ನು 220 ಮೈಕ್ರೋಫ್ಯಾರಡ್‌ಗೆ ಏರಿಸಿದ ಸೆಟ್ಟುಗಳು ನನ್ನ ಬಳಿಗೆ ಬರುತ್ತಲೇ ಇರುತ್ತವೆ. ಜಿಝಡ್34ರ ತಯಾರಕರು ಇಟ್ಟ ಮಿತಿ 60. ಇಝಡ್81ಕ್ಕೆ 50. 5ವೈ3ಗೆ ಹಳೆಯ ಡೇಟಾಶೀಟುಗಳಲ್ಲಿ ಬರೆದಿರುವುದು 20 ಮಾತ್ರ. ಕಂಡೆನ್ಸರ್ ದೊಡ್ಡದಾದಷ್ಟೂ ತುಂಬುವ ಕ್ಷಣದ ಕರೆಂಟು ಏರುತ್ತದೆ. ಕಾದ ವಾಲ್ವನ್ನು ಆಫ್ ಮಾಡಿ ತಕ್ಷಣ ಆನ್ ಮಾಡಿದರಂತೂ, ನಮ್ಮ ಊರುಗಳಲ್ಲಿ ಕರೆಂಟು ಹೋಗಿ ಬಂದಾಗ ಆಗುವುದು ಇದೇ, ವಾಲ್ವಿನೊಳಗೆ ಕಿಡಿ ಹಾರುತ್ತದೆ. ಆಮೇಲೆ ಈಗಿನ ವಾಲ್ವುಗಳೇ ಕಳಪೆ ಎಂದು ಬೈಯುತ್ತಾರೆ. ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೊವ್ ಕಾರ್ಖಾನೆ, ಚೀನಾದ ಕಾರ್ಖಾನೆಗಳು ಇಂದಿಗೂ ಹೊಸ ರೆಕ್ಟಿಫೈಯರ್ ವಾಲ್ವ್ ತಯಾರಿಸುತ್ತಿವೆ. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ಹಳೆಯ ವಾಲ್ವುಗಳಷ್ಟು ಗಟ್ಟಿ ಅವು ಎಂದು ನಾನು ಹೇಳಲಾರೆ. ಮಿತಿಯೊಳಗೆ ಓಡಿಸಿದರೆ ಅವೂ ಚೆನ್ನಾಗಿಯೇ ಬಾಳುತ್ತವೆ.

ಹಳೆಯ ದಾಸ್ತಾನು ಎಂದು ಮಾರುವ ವಾಲ್ವುಗಳ ವಿಷಯದಲ್ಲಿ ಕೊಳ್ಳುವವರು ಎಚ್ಚರ ವಹಿಸಲಿ. ಮುಲ್ಲಾರ್ಡ್ ಹೆಸರು ಈಗ ಬೇರೆಯವರ ಕೈಯಲ್ಲಿದೆ, ಆ ಹೆಸರಿನ ಹೊಸ ವಾಲ್ವುಗಳು ಬರುವುದು ಸರಾಟೊವ್‌ನಿಂದ. ಅದರಲ್ಲಿ ಮೋಸವೇನೂ ಇಲ್ಲ. ಮೋಸ ಇರುವುದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು ಎಂದು ಹೇಳಿ ಬೇರೆಯದನ್ನು ಕೊಡುವುದರಲ್ಲಿ. ಗಾಜಿನ ಮೇಲಿನ ಬಣ್ಣದ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. ಬುಡದ ಹತ್ತಿರ ಗಾಜಿಗೇ ಇಳಿದಿರುವ ಸಣ್ಣ ಕಾರ್ಖಾನೆ ಸಂಕೇತವನ್ನು ಭೂತಗನ್ನಡಿ ಹಿಡಿದು ನೋಡಿ. ಬ್ಲ್ಯಾಕ್‌ಬರ್ನ್‌ನದಾದರೆ ಎರಡನೆಯ ಸಾಲು ಬಿ ಅಕ್ಷರದಿಂದ ಶುರುವಾಗುತ್ತದೆ. ವಾಲ್ವ್ ಟೆಸ್ಟರಿನಲ್ಲಿ ಎರಡೂ ಪ್ಲೇಟುಗಳ ಎಮಿಷನ್, ಅಂದರೆ ಅತ್ತ ಹರಿಯುವ ಎಲೆಕ್ಟ್ರಾನುಗಳ ಪ್ರಮಾಣ, ಎಷ್ಟೆಷ್ಟು ಎಂದು ಬರೆದುಕೊಡದ ವ್ಯಾಪಾರಿಯಿಂದ ದುಬಾರಿ ವಾಲ್ವ್ ಕೊಳ್ಳಬೇಡಿ. ಒಂದು ಪ್ಲೇಟು ಸೋತು ಇನ್ನೊಂದು ಮಾತ್ರ ಗಟ್ಟಿ ಇದ್ದರೆ 100ರ ಬದಲು 50 ಹರ್ಟ್ಸಿನ ಹಮ್ ಬರುತ್ತದೆ. ದುಬಾರಿ ವಾಲ್ವ್ ಕೊಂಡ ಕೆಲವರು ಆ ಗುಂಯ್‌ಗುಟ್ಟುವಿಕೆಯನ್ನೂ ಹಳೆಯ ವಾಲ್ವಿನ ಸ್ವಭಾವ ಎಂದು ಸಹಿಸಿಕೊಂಡಿದ್ದಾರೆ.

ಮುಚ್ಚಿದ ಅಂಗಡಿಗಳ ಮಾಲು ವಿಲೇವಾರಿ ಮಾಡುವವರಿಗೆ ಒಂದು ಸೂಚನೆ. ಹಳೆಯ ಟ್ರಾನ್ಸ್‌ಮಿಟರುಗಳ, ದೊಡ್ಡ ಆಂಪ್ಲಿಫೈಯರುಗಳ ಸಾಮಾನಿನಲ್ಲಿ 83, 866ಎ ಎಂಬ ವಾಲ್ವುಗಳು ಸಿಗಬಹುದು. ಅವುಗಳಲ್ಲಿ ಪಾದರಸ ಇದೆ. ಒಳಗೆ ಬೆಳ್ಳಿಯ ಹನಿಗಳು ಕಾಣುತ್ತವೆ, ಓಡುವಾಗ ನೀಲಿ ಬೆಳಕು ಬರುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ಒಡೆಯಬೇಡಿ, ಗುಜರಿಯವರ ಮೂಟೆಗೆ ಎಸೆಯಬೇಡಿ. ಯಾವ ವಾಲ್ವ್ ಸೆಟ್ಟನ್ನಾದರೂ ಮನೆಯಲ್ಲಿ ಬಿಚ್ಚಿ ನೋಡುವ ಉತ್ಸಾಹಿಗಳು ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು.

ಸಂಪಾದಕರೇ, ಆಡಿಯೋ ಬಗ್ಗೆ ಇನ್ನು ಮುಂದೆ ಲೇಖನ ಬಂದಾಗ ವಾಲ್ವಿನ ಹೆಸರು, ಬೆಲೆಯ ಜೊತೆಗೆ ಅದು ಎಷ್ಟು ವೋಲ್ಟ್ ಬೀಳಿಸುತ್ತದೆ, ಹೀಟರಿಗೆ ಎಷ್ಟು ಆಂಪ್ ಬೇಕು, ಕಂಡೆನ್ಸರಿನ ಮಿತಿ ಎಷ್ಟು ಎಂಬ ಮೂರು ಅಂಕಿಗಳನ್ನು ದಯವಿಟ್ಟು ಹಾಕಿಸಿ. ಡೇಟಾಶೀಟುಗಳು ಯಾರಿಗೂ ಉಚಿತವಾಗಿ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಕಲಿಸುವ ಐಟಿಐ, ಪಾಲಿಟೆಕ್ನಿಕ್‌ಗಳ ಮೇಷ್ಟ್ರುಗಳು ಮನಸ್ಸು ಮಾಡಿ ವರ್ಷಕ್ಕೊಂದು ದಿನವಾದರೂ ಹಳೆಯ ರೇಡಿಯೋದ ಪವರ್ ಸಪ್ಲೈಯನ್ನು ಮೇಜಿನ ಮೇಲಿಟ್ಟು ತೋರಿಸಿದರೆ, ವಾಲ್ವ್ ಕಿತ್ತು ಡಯೋಡ್ ಹಾಕುವ ಮೊದಲು ಮೀಟರ್ ಹಿಡಿಯುವ ಹುಡುಗರು ಹುಟ್ಟುತ್ತಾರೆ. ಬಿಇಎಲ್ ವಾಲ್ವುಗಳ ಹಳೆಯ ಪೆಟ್ಟಿಗೆಗಳು ಯಾರ ಅಟ್ಟದಲ್ಲಾದರೂ ಇದ್ದರೆ, ತೂಕಕ್ಕೆ ಹಾಕುವ ಬದಲು ಹತ್ತಿರದ ಯಾವುದಾದರೂ ರೇಡಿಯೋ ರಿಪೇರಿಯವರಿಗೆ ಕೊಡಿ. ಅಂಥ ಒಂದು ಇಝಡ್80ಕ್ಕಾಗಿ ಕಾಯುತ್ತಿರುವ ಸೆಟ್ಟುಗಳು ನನ್ನ ಕಪಾಟಿನಲ್ಲೇ ಇವೆ. ರೇಡಿಯೋ ರಿಪೇರಿಗೆ ಕೊಡುವವರು ವಾಪಸು ತರುವಾಗ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ: ಈಗ ಎಚ್‌ಟಿ ಎಷ್ಟಿದೆ, ಚಿತ್ರದಲ್ಲಿ ಎಷ್ಟಿರಬೇಕು ಎಂದಿದೆ?

ಇತಿ ತಮ್ಮ ವಿಶ್ವಾಸಿ,
ಒಬ್ಬ ರೇಡಿಯೋ ಮತ್ತು ಆಂಪ್ಲಿಫೈಯರ್ ರಿಪೇರಿಗಾರ,
ಮೈಸೂರು